ಬೇವಿನ ಗಿಡಕ್ಕೆ ಕಟ್ಟಿದ ಕಾಟಾ

ಬೆಳಗಿನ ಆರೂಕಾಲು. ರೋಹಿಣಿ ಮಳೆ ಕೂಡಲು ಇನ್ನೂ ಎಂಟು ದಿನ. ಹುನಗುಂದ ತಾಲ್ಲೂಕಿನ ಒಂದು ಹಳ್ಳಿ, ಅಮೀನಗಡದ ಕುರಿ ಸಂತೆಗೆ ಹತ್ತಿರದ್ದು. ಹೆಣ್ಣುಮಕ್ಕಳ ಸಂಘದವರು ಗುಡಿ ಮುಂದಿನ ಬೇವಿನ ಗಿಡದ ಟೊಂಗೆಗೆ ಹಗ್ಗ ಹಾಕಿ ಕಾಟಾ ಇಳಿಬಿಟ್ಟಿದ್ದರು. ನೂರು ಕೆಜಿ ತನಕ ತೂಗುವ, ಕೊಕ್ಕೆಯಿರುವ ಡಿಜಿಟಲ್ ಕಾಟಾ. ಕೊಕ್ಕೆಗೆ ಗೊಬ್ಬರದ ಖಾಲಿ ಚೀಲದ ಜೋಲಿ: ಚೀಲ ತೊಳೆದು, ಬದಿ ಬಿಚ್ಚಿ, ಆಡಿನ ನಾಲ್ಕು ಕಾಲು ಇಳಿಯುವಂತೆ ನಾಲ್ಕು ತೂತು ಮಾಡಿ, ಮೂಲೆಗಳಿಗೆ ಹಗ್ಗ ಹೊಲಿದದ್ದು.

ಅವತ್ತಿನ ಕೆಲಸ ಜಂತುಹುಳಿನ ಔಷಧ ಕುಡಿಸುವುದು. ಆದರೂ ಔಷಧದ ಬಾಟಲಿಗಿಂತ ಮೊದಲು ಹೊರಗೆ ಬಂದದ್ದು ಕಾಟಾ. ಅದನ್ನು ತಾಳೆ ನೋಡಲು ಕ್ಯಾನಿಗೆ ಅಳೆದು 20 ಲೀಟರ್ ನೀರು ಹಾಕಿ ಕೊಕ್ಕೆಗೆ ಸಿಕ್ಕಿಸಿದರು. ಖಾಲಿ ಕ್ಯಾನು 700 ಗ್ರಾಂ, ಕಾಟಾ 20.7 ತೋರಿಸಬೇಕು, 20.6 ತೋರಿತು. ನಡೆಯುತ್ತದೆ. ಅರ್ಧ ಕೆಜಿ ಹೆಚ್ಚುಕಮ್ಮಿ ಬಂದರೆ ಮೊದಲು ಸೆಲ್ ಬದಲಿಸಿ ನೋಡಬೇಕು. ಜೋಲಿ ಹಾಕಿದ ಮೇಲೆ ಮತ್ತೆ ಸೊನ್ನೆಗೆ ತರಬೇಕು. ಅದನ್ನು ಮರೆತರೆ ಪ್ರತಿ ಆಡಿಗೂ ಜೋಲಿಯ ತೂಕ ಕೂಡಿಬಿಡುತ್ತದೆ. ತೂಗುವುದು ಬೆಳಿಗ್ಗೆಯೇ, ದಡ್ಡಿಯಿಂದ ಬಿಡುವ ಮೊದಲೇ. ಮೇಯ್ದು ನೀರು ಕುಡಿದು ಬಂದ ಆಡಿನ ಹೊಟ್ಟೆಯಲ್ಲಿ ಎರಡು ಮೂರು ಕೆಜಿ ಮೇವು ನೀರೇ ಇರುತ್ತದೆ.

ಪಶುಸಖಿ, ಅಂದರೆ ದನಕರು ಆಡುಕುರಿಗಳ ಆರೈಕೆಗೆ ತರಬೇತಿ ಪಡೆದ ಊರಿನ ಹೆಣ್ಣುಮಗಳು. ಅವಳ ಕೈಯಲ್ಲಿ ಸೂಜಿ ತೆಗೆದ 10 ಮಿ.ಲೀ. ಸಿರಿಂಜು, ಪಕ್ಕದಲ್ಲಿ ಪುಸ್ತಕ ಹಿಡಿದ ಹುಡುಗಿ. ಮೊದಲ ಆಡು ತಂದ ಅಜ್ಜಿ, "ಇದೇನ್ ಹದಿನೈದ್ ಕೆಜಿ ಇದ್ದೀತ್ ತಗೋ ಯವ್ವಾ, ಹಾಕು" ಅಂದಳು. "ತಡಿ ಆಯಿ, ತೂಗಿ ಹಾಕತೀನಿ." ಕಾಟಾದಲ್ಲಿ 21.8.

2.5% ಅಲ್ಬೆಂಡಜೋಲ್ ದ್ರಾವಣವಾದರೆ 10 ಕೆಜಿ ತೂಕಕ್ಕೆ 3 ಮಿ.ಲೀ. ಲೆಕ್ಕ. ಹದಿನೈದು ಎಂದು ನಂಬಿದ್ದರೆ ನಾಲ್ಕೂವರೆ ಹೋಗುತ್ತಿತ್ತು, ಬೇಕಾದದ್ದು ಆರೂವರೆ. ಕಡಿಮೆ ಕುಡಿಸಿದರೆ ಸ್ವಲ್ಪ ಗುಣವಾದರೂ ಆದೀತು ಅನ್ನುವ ಎಣಿಕೆ ತಪ್ಪು. ಬಲಹೀನ ಹುಳು ಸತ್ತು, ಔಷಧ ತಾಳಿಕೊಂಡವು ಉಳಿದು, ಅವುಗಳ ಮೊಟ್ಟೆಯೇ ಹಿಕ್ಕೆಯೊಳಗೆ ಬಿದ್ದು ಊರ ಹುಲ್ಲುಗಾವಲಿಗೆಲ್ಲ ಹರಡುತ್ತವೆ. ಎರಡು ಮೂರು ವರ್ಷಕ್ಕೆ "ಔಷಧಾನ ನಕಲಿ ಬಂದೈತಿ" ಎಂಬ ಮಾತು ಶುರುವಾಗುತ್ತದೆ.

ಎಲ್ಲ ಆಡಿಗೂ ಕುಡಿಸುವುದೂ ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಾರೆ. ಕೆಂಪಗಿದ್ದರೆ ಬಿಡು. ಬಿಳಚಿಕೊಂಡಿದ್ದರೆ ರಕ್ತ ಹೀರುವ ಹುಳು ಹೊಟ್ಟೆಯಲ್ಲಿದೆ ಎಂದರ್ಥ. ದವಡೆ ಕೆಳಗೆ ನೀರು ತುಂಬಿದ ಚೀಲದಂತೆ ಬಾತಿದ್ದರಂತೂ ತಡ ಮಾಡುವಂತಿಲ್ಲ. ನೆರಳಲ್ಲಿ ನೋಡಿದರೆ ಬಿಳಚಿದ ರೆಪ್ಪೆಯೂ ಗುಲಾಬಿಯಾಗಿ ಕಾಣುತ್ತದೆ, ಅದಕ್ಕೇ ಬಿಸಿಲಿಗೆ ಮುಖ ಮಾಡಿಸಿ ನೋಡುವುದು. ಅವತ್ತು ಬಂದ 41 ಆಡುಗಳಲ್ಲಿ ಔಷಧ ಬಿದ್ದದ್ದು 17ಕ್ಕೆ.

ಕುಡಿಸುವಾಗ ಆಗುವ ದೊಡ್ಡ ತಪ್ಪು ಆಡಿನ ಮುಖ ಮುಗಿಲಿಗೆ ಎತ್ತುವುದು. ಔಷಧ ಶ್ವಾಸನಾಳಕ್ಕೆ ಇಳಿದು ಆಡು ಕೆಮ್ಮಿ ಕೆಮ್ಮಿ ನಾಲ್ಕು ದಿನದಲ್ಲಿ ಸಾಯಲೂಬಹುದು, ಮಂದಿ ಔಷಧಕ್ಕೆ ಬೈಯುತ್ತಾರೆ. ಮುಖ ನೆಲಕ್ಕೆ ಸಮನಾಗಿರಬೇಕು. ಬಾಯಿಯ ಮಗ್ಗುಲಿಗೆ, ಹಲ್ಲಿಲ್ಲದ ಸಂದಿಯಲ್ಲಿ ಸಿರಿಂಜು ತೂರಿಸಿ, ನಾಲಿಗೆ ಆಡಿಸುತ್ತ ನುಂಗಲು ಬಿಟ್ಟು ನಿಧಾನಕ್ಕೆ ಒತ್ತಬೇಕು.

ಗಬ್ಬದ ಆಡುಗಳನ್ನು ಜೋಲಿಗೆ ಹಾಕುವುದಿಲ್ಲ. ಅವಕ್ಕೆ ದರ್ಜಿ ಟೇಪು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಿನಲ್ಲಿ. ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಚಪ್ಪೆಯ (ಹಿಂಬದಿಯ) ಕೊನೆಯ ತನಕದ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಕೆಜಿ ಸಿಗುತ್ತದೆ. ಸುತ್ತಳತೆ 28, ಉದ್ದ 24 ಇದ್ದರೆ ಇಪ್ಪತ್ತೆಂಟೂವರೆ ಕೆಜಿ. ಎಳೆಗಬ್ಬದಲ್ಲಿ, ಅಂದರೆ ಮೊದಲ ಒಂದೂವರೆ ತಿಂಗಳಲ್ಲಿ, ಈ ಔಷಧ ಕೊಡಲೇಬಾರದು, ಮರಿ ಊನವಾಗಬಹುದು. ಆಡಿನ ಗಬ್ಬ ಸುಮಾರು 150 ದಿನ. ಹೋತ ಹತ್ತಿದ ದಿನ ಬರೆದಿಡದವರಿಗೆ ಈ ಲೆಕ್ಕ ಸಿಗುವುದೇ ಇಲ್ಲ.

ಔಷಧಕ್ಕೆ ಮೇ ತಿಂಗಳನ್ನೇ ಹಿಡಿದದ್ದು ಲಸಿಕೆಯ ಸಲುವಾಗಿ. ಹುಳು ತುಂಬಿದ ಮೈಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಹತ್ತು ಹದಿನೈದು ದಿನ ಮೊದಲು ಹೊಟ್ಟೆ ಸ್ವಚ್ಛ ಆಗಬೇಕು. ಆಮೇಲೆ ಕರುಳುಬೇನೆಯ ಲಸಿಕೆ: ಚರ್ಮದಡಿ 2.5 ಮಿ.ಲೀ., ಮೊದಲ ಸಲವಾದರೆ 14 ದಿನ ಬಿಟ್ಟು ಇನ್ನೊಂದು, ಅಲ್ಲಿಂದ ವರ್ಷಕ್ಕೊಮ್ಮೆ. ಬೇಸಿಗೆಯಲ್ಲಿ ತೊಗರಿ ಹೊಟ್ಟು, ಜಾಲಿಕಾಯಿ ತಿಂದ ಮರಿ ಮೊದಲ ಮಳೆಯ ಎಳೆ ಹಸಿರನ್ನು ಒಮ್ಮೆಲೇ ಹೊಟ್ಟೆತುಂಬ ತಿಂದರೆ ಕರುಳಿನೊಳಗಿನ ರೋಗಾಣು ಹೆಚ್ಚಿ ವಿಷ ಕಾರುತ್ತದೆ. ಸಂಜೆ ನೆಗೆದಾಡಿದ ಮರಿ ಬೆಳಿಗ್ಗೆ ಸತ್ತಿರುತ್ತದೆ. ಅದರಲ್ಲೂ ಮೈತುಂಬಿದ, ಚೆನ್ನಾಗಿ ತಿನ್ನುವ ಮರಿಯೇ ಮೊದಲು ಹೋಗುತ್ತದೆ. ಹಿರೇಬೇನೆಯ (ಪಿಪಿಆರ್, ಆಡು ಕುರಿಗಳ ಪ್ಲೇಗು) ಲಸಿಕೆ ಬೇರೆ, 1 ಮಿ.ಲೀ., ಸುಮಾರು ಮೂರು ವರ್ಷ ಕಾಯುತ್ತದೆ. ಅದರ ಪುಡಿಗೆ ದ್ರಾವಣ ಬೆರೆಸಿದ ಮೇಲೆ ಐಸಿನಲ್ಲೇ ಇಟ್ಟು ಎರಡು ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಆಡುಗಳೆಲ್ಲ ಒಂದೆಡೆ ಕೂಡುವ ಮೊದಲು ಸೀಸೆ ಒಡೆಯಬಾರದು. ಮನೆಮನೆಗೆ ತಿರುಗಿ ಹಾಕಿದರೆ ಕೊನೆಯ ಓಣಿಗೆ ತಲುಪುವಾಗ ಸೀಸೆಯಲ್ಲಿರುವುದು ಬರೀ ನೀರು.

ಏಳೂವರೆ ಹೊತ್ತಿಗೆ ಸಂತೆಯ ವ್ಯಾಪಾರಿಯೊಬ್ಬರು ಗಾಡಿ ನಿಲ್ಲಿಸಿ ಇಳಿದರು. ಮುಂಗಾರಿನ ಬಾಯಲ್ಲಿ ಬೀಜ, ಗೊಬ್ಬರ, ಮಕ್ಕಳ ಪುಸ್ತಕ ಎಲ್ಲ ಖರ್ಚೂ ಒಮ್ಮೆಲೇ ಬರುತ್ತದೆ, ಆಡು ಸಸ್ತಾ ಸಿಗುತ್ತದೆ. ಇದು ಅವರಿಗೆ ಗೊತ್ತು. ಒಂದು ಕರಿ ಹೋತದ ಟೊಂಕ ಒತ್ತಿ ನೋಡಿದರು. "ಎಂಟೂವರಿ ಸಾವಿರ ಕೊಡತೀನ್ರಿ ಯವ್ವಾ. ಮಳಿ ಹತ್ತಿದ ಮ್ಯಾಲ ಇಷ್ಟೂ ಬರೂದಿಲ್ಲ."

ಇಲ್ಲಿ ಸಂತೆಯ ರೀತಿ ಹೇಳಬೇಕು. ಸಂತೆಯಲ್ಲಿ ಧಾರಣೆ ನಡೆಯುವುದು ಟವೆಲ್ಲಿನ ಮರೆಯಲ್ಲಿ, ಬೆರಳು ಹಿಡಿದು. ದಲ್ಲಾಳಿ ಯಾವ ಬೆರಳು ಒತ್ತಿದ, ಎಷ್ಟಕ್ಕೆ ಏರಿದ ಎಂಬುದು ಇಬ್ಬರಿಗೇ ಗೊತ್ತು. ಹೆಣ್ಣುಮಗಳ ಬೆರಳನ್ನು ಟವೆಲ್ಲಿನೊಳಗೆ ಯಾರು ಹಿಡಿಯುತ್ತಾರೆ? ವರ್ಷವಿಡೀ ಆಡು ಮೇಯಿಸಿ, ಮರಿ ಮಾಡಿಸಿ, ರಾತ್ರಿ ಎದ್ದು ನೋಡಿದವಳು ವ್ಯಾಪಾರದ ಹೊತ್ತಿಗೆ ದೂರ ನಿಂತಿರುತ್ತಾಳೆ. ಬೆಲೆ ಅವಳಿಗೆ ತಿಳಿಯುವುದು ಹಗ್ಗ ಬಿಚ್ಚಿ ಕೊಟ್ಟ ಮೇಲೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅವಳ ಹೆಸರಿಲ್ಲ. ಆಡು ಮಾತ್ರ ಅವಳದು ಎಂದು ಮನೆಯವರೆಲ್ಲ ಒಪ್ಪುತ್ತಾರೆ, ಮಾರುವ ದಿನವೊಂದನ್ನು ಬಿಟ್ಟು. ಸಂಘಗಳಿಗೆ ಕೊಡಿಸಬೇಕಾದ ಮೊದಲ ಸಾಮಾನು ಹೊಲಿಗೆ ಯಂತ್ರವಲ್ಲ, ಈ ಕಾಟಾ ಅನ್ನುವುದು ಅದಕ್ಕೇ.

"ಕಾಕಾ, ಟೊಂಕ ಹಿಡಿಯೂದ್ ಬ್ಯಾಡ್ರಿ. ತೂಗೂಣು."

26.4. ಕೆಜಿಗೆ 370ರಂತೆ 9,768 ರೂಪಾಯಿ. ವ್ಯಾಪಾರಿ ಹೇಳಿದ ಮಾತಿನಲ್ಲೂ ಸತ್ಯವಿತ್ತು: ಜೀವತೂಕದ ಅರ್ಧವೂ ಮಾಂಸ ಬೀಳುವುದಿಲ್ಲ. ನೂರಕ್ಕೆ 45ರಿಂದ 48 ಅಂತ ಹಿಡಿದರೆ ಈ ಹೋತಕ್ಕೆ ಸುಮಾರು 12 ಕೆಜಿ. ಅದನ್ನು ಹೆಣ್ಣುಮಕ್ಕಳೂ ತಿಳಿದಿರಬೇಕು, ಇಲ್ಲದಿದ್ದರೆ ಕೇಳುವ ಬೆಲೆಗೆ ಬುಡ ಇರುವುದಿಲ್ಲ. ಕೊನೆಗೆ 9,500ಕ್ಕೆ ನಿಂತಿತು, ಕೆಜಿಗೆ 360 ಬಿತ್ತು. ಆ ಹೋತಕ್ಕೆ ಔಷಧ ಕುಡಿಸಿರಲಿಲ್ಲ. ಕುಡಿಸಿದ್ದರೆ ಕನಿಷ್ಠ ಎರಡು ವಾರ ಮಾಂಸಕ್ಕೆ ಕೊಡುವಂತಿರಲಿಲ್ಲ. "ಯಜಮಾನರ ಫೋನ್ ನಂಬರ್ ಹೇಳ್ರಿ, ರೊಕ್ಕ ಹಾಕತೀನಿ" ಅಂದಾಗ ಹೋತದ ಒಡತಿ ತನ್ನದೇ ನಂಬರ್ ಹೇಳಿದಳು. ಸಂಘದ ಪುಸ್ತಕದಲ್ಲಿ ಅದಕ್ಕೊಂದು ಕಲಮೇ ಇದೆ: ದುಡ್ಡು ಯಾರ ಖಾತೆಗೆ.

ಇನ್ನೊಬ್ಬಳ ಮರಿ 17.2 ಕೆಜಿ. ಐದು ಸಾವಿರಕ್ಕೆ ಕೇಳಿದರು. ಅವಳಿಗೆ ಬೀಜಕ್ಕೆ ಬೇಕಾದದ್ದು ನಾಲ್ಕು ಸಾವಿರ. ಮರಿ ಮಾರಬೇಕಾಗದಂತೆ ಸಂಘದಿಂದ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಗೆ ಅಷ್ಟು ಸಾಲ ಕೊಟ್ಟರು. ತಿಂಗಳಿಗೆ 40 ರೂಪಾಯಿ ಬಡ್ಡಿ. ಮರಿ ದಿನಕ್ಕೆ 60 ಗ್ರಾಂ ಬೆಳೆದರೂ ತಿಂಗಳಿಗೆ 1.8 ಕೆಜಿ, ಅಂದರೆ ಆರುನೂರ ನಲವತ್ತರ ಆಜುಬಾಜು. ಕರುಳುಬೇನೆಗೆ ಹೋಗದೆ ಉಳಿದರೆ ಮಾತ್ರ ಈ ಲೆಕ್ಕ. ಅವಳ ಹೆಸರಿನ ಮುಂದೆ ಲಸಿಕೆಯ ಎರಡೂ ತಾರೀಖು ಬರೆದು, ಕೆಳಗೆ ಕೆಂಪು ಗೆರೆ ಎಳೆದರು.

ಹೊರಟಿದ್ದ ವ್ಯಾಪಾರಿ ಗಾಡಿಯ ಹಿಂದಿನ ಬಾಗಿಲು ತೆರೆದು ಮತ್ತೆ ಬಂದರು. ಬ್ಯಾರೆ ಊರಾಗ ತಗೊಂಡ ಮೂರ್ ಅದಾವ, ಅವನೂ ತೂಗಿ ಕೊಡ್ರಿ ಅಂದರು. ಸದಸ್ಯರಲ್ಲದವರಿಗೆ ಆಡಿಗೆ ಐದು ರೂಪಾಯಿ. ಮೂರೂ ತೂಗಿದರು, ಹದಿನೈದು ರೂಪಾಯಿ ಜಮಾ ಬರೆದರು, ಆಮೇಲೆ ಕಾಟಾದ ಸೆಲ್ ತೆಗೆದು ಜೋಲಿಯನ್ನು ತೊಳೆಯಲು ಹಾಕಿದರು.