ದುಡ್ಡು ಕೊಟ್ಟು ತಂದ ವಾಳುಂಜ

ಜೂನ್‌ನ ಮೊದಲ ಮಳೆ ಬಿದ್ದ ಮಾರನೇ ದಿನ ಕೆಳಮನೆಯ ಆಜಿ ಕರಿಬೇವು ಕೇಳಿಕೊಂಡು ಬಂದರು. ನಾನು ಬಾಲ್ಕನಿಯಲ್ಲಿ ಕತ್ತರಿ ಹಿಡಿದು ಕೂತಿದ್ದೆ. ಎದುರಿಗೆ ನನ್ನ ಹಕುರೊ ನಿಶಿಕಿ. ಹೆಸರು ಕೇಳಿ ಗಾಬರಿಯಾಗಬೇಡಿ, ಅಂದಕ್ಕೆ ಬೆಳೆಸುವ ಜಪಾನಿನ ವಿಲ್ಲೋ ಅದು. ಬೇಸಿಗೆಯಲ್ಲಿ ಸುಟ್ಟ ರೆಂಬೆಗಳನ್ನು ಸವರುತ್ತಿದ್ದೆ. ಆಜಿ ಒಂದು ಎಲೆ ಮಗುಚಿ ಅದರ ಬೆನ್ನು ನೋಡಿದರು. ಪಕ್ಕದ ಬಾಟಲಿಯಲ್ಲಿ ನಾನು ನೀರಿಗೆ ಹಾಕಿಟ್ಟಿದ್ದ ಕಡ್ಡಿಗಳಿಗೆ ಬೇರು ಬಂದದ್ದನ್ನೂ ನೋಡಿದರು.

"ಅಗಂ, ಹೇ ತರ್ ವಾಳುಂಜ! ಪೈಸೆ ದೇಊನ್ ಆಣಲಂಸ್?"

ಇದು ವಾಳುಂಜ ಅಲ್ವಾ, ದುಡ್ಡು ಕೊಟ್ಟು ತಂದೆಯಾ ಅಂತ ಮರಾಠಿಯಲ್ಲಿ. ಕೊಟ್ಟಿದ್ದೆ. ಎಷ್ಟು ಅಂತ ನಮ್ಮ ಮನೆಯವರಿಗೇ ಹೇಳಿಲ್ಲ, ನಿಮಗೂ ಹೇಳಲ್ಲ.

ಫೋನಿನಲ್ಲಿ ಫೋಟೋ ನೋಡಿ ಮರುಳಾಗಿ ತರಿಸಿದ ಗಿಡ. ಚಿಗುರು ಗುಲಾಬಿ, ಆಮೇಲೆ ಕೆನೆ ಬಿಳಿ, ಕೊನೆಗೆ ಹಸಿರು. ದೂರದಿಂದ ಮೈತುಂಬಾ ಹೂ ಬಿಟ್ಟ ಹಾಗೆ ಕಾಣುತ್ತೆ. ಆದರೆ ಅದು ತಂಪು ನಾಡಿನದು. ಪುಣೆಯ ನಮ್ಮ ಕೋಥ್ರೂಡಿನ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟಿದರೆ ಎಲೆಯ ಅಂಚು ಸುಟ್ಟ ಹಪ್ಪಳ. ಪಶ್ಚಿಮದ ಕಿಟಕಿಯಿಂದ ಪೂರ್ವದ ಬಾಲ್ಕನಿಗೆ ಎತ್ತಿಟ್ಟೆ, ಬೆಳಗಿನ ಬಿಸಿಲು ಸಾಕು ಅಂತ. ಕುಂಡದ ಕೆಳಗೆ ತಟ್ಟೆ ತುಂಬಾ ನೀರು. ಬೇರೆ ಗಿಡಕ್ಕೆ ಹೀಗೆ ಮಾಡಿದರೆ ಬೇರು ಕೊಳೆಯುತ್ತೆ, ಇದಕ್ಕೆ ಕಾಲು ಒದ್ದೆ ಇದ್ದರೇನೇ ಖುಷಿ. ಮಣ್ಣಿನ ಮೇಲೆ ತೆಂಗಿನ ನಾರು. ಚಳಿ ಮುಗಿಯುವ ಹೊತ್ತಿಗೆ ಚೆನ್ನಾಗಿ ಕತ್ತರಿಸಲೇಬೇಕು, ಯಾಕಂದ್ರೆ ಬಣ್ಣ ಇರೋದು ಹೊಸ ಚಿಗುರಲ್ಲಿ ಮಾತ್ರ. ಬಿಟ್ಟರೆ ಸುಮ್ನೆ ಒಂದು ಹಸಿರು ಪೊದೆ. ಇಷ್ಟೆಲ್ಲ ಮಾಡಿದರೆ ನಮ್ಮ ಮನೆಯಲ್ಲಿ 3 ವಾರ ಗುಲಾಬಿ. ಉಳಿದ 49 ವಾರ ಚಾಕರಿ.

ಆಜಿ ಕರಿಬೇವು ಮರೆತು ಅಲ್ಲೇ ಕೂತರು. ಅವರ ತವರು ವಾಯಿ ಹತ್ತಿರ, ಕೃಷ್ಣೆಯ ದಂಡೆ. ದಂಡೆ ಕುಸಿಯದಿರಲಿ ಅಂತ ವಾಳುಂಜದ ಹಸಿ ಗೂಟ ಹೊಡೆಯುತ್ತಿದ್ದರಂತೆ. ಗೂಟವೇ ಚಿಗುರುತ್ತಿತ್ತಂತೆ. "ಅದಕ್ಕೆ ಯಾರು ನೀರು ಹಾಕಿದ್ರು?" ಅಂತ ನನ್ನ ತಟ್ಟೆ ಕಡೆ ನೋಡಿ ನಕ್ಕರು.

ಅವರು ಹೋದ ಮೇಲೆ ಹುಡುಕಿ ನೋಡಿದೆ. ಎರಡೂ ಒಂದೇ ಗಿಡವಲ್ಲ, ಆದರೆ ದಾಯಾದಿಗಳು. ಎರಡೂ ಸಾಲಿಕ್ಸ್ ಕುಲ. ಕಾಶ್ಮೀರದಲ್ಲಿ ಕ್ರಿಕೆಟ್ ಬ್ಯಾಟ್ ಮಾಡುವ ಮರವೂ ಇದೇ ಪೈಕಿ. ನಮ್ಮ ಹೊಳೆಗಳ ಪಕ್ಕ ಬೆಳೆಯೋ ವಾಳುಂಜ ಸಾಲಿಕ್ಸ್ ಟೆಟ್ರಾಸ್ಪರ್ಮಾ. ಜಪಾನೀ ಹೆಸರು ಬಾಯಿಪಾಠ, ಲ್ಯಾಟಿನ್ ಹೆಸರು ಸಿಕ್ಕಿತು, ಮರಾಠಿ ಹೆಸರನ್ನು ಆಜಿ ಕೊಟ್ಟರು. ಕನ್ನಡದ್ದು? ಬಾಯಿಗೆ ಬರಲಿಲ್ಲ. ಅದು ಚುಚ್ಚಿತು. ಖಾನಾಪುರದಲ್ಲಿರುವ ಅವ್ವನಿಗೆ ಫೋನ್ ಹಚ್ಚಿ ಫೋಟೋ ಕಳಿಸಿದೆ.

"ಅಯ್ಯ, ನೀರಂಜಿ ಇದ್ದಂಗ ಐತಲ್ಲ! ಹೊಳಿ ದಂಡ್ಯಾಗ ಇತ್ತು ನೋಡು. ಅದರ ಟೊಂಗಿಗೆ ಜೋತುಬಿದ್ದು ಮುರಕೊಂಡು ನೀರಾಗ ಬಿದ್ದಿದ್ದಿ. ಗದ್ದಕ್ಕ ಹೊಲಿಗಿ ಹಾಕಿಸಿದ್ದು ಮರ್ತಿ?"

ಗದ್ದದ ಕೆಳಗಿನ ಗೆರೆ ದಿನಾ ಕನ್ನಡಿಯಲ್ಲಿ ನೋಡ್ತೀನಿ. ಮರ ಮಾತ್ರ ಮರೆತಿದ್ದೆ. ಈಗ ನೆನಪಾಯ್ತು. ಮಲಪ್ರಭೆಯ ಕಡೆ ಬಾಗಿದ ಮರ, ಗಾಳಿಗೆ ಎಲೆ ಮಗುಚಿದರೆ ಮರವೇ ಬೆಳ್ಳಗಾಗುತ್ತಿತ್ತು. ಕಡ್ಡಿ ತಂದು ಬುಟ್ಟಿ ಹೆಣೆಯುತ್ತಿದ್ದ ಮುದುಕ ಒಬ್ಬನಿದ್ದ. ಕೊಂಬೆ ಬೇಗ ಮುರಿಯುತ್ತೆ, ಜೋಕಾಲಿಗೆ ಅಲ್ಲ ಅಂತ ಅವನು ಎಷ್ಟು ಸಲ ಬೈದಿದ್ದನೋ.

"ಈಗ ಐತೇನವ್ವಾ?"

"ಎಲ್ಲಿಂದ? ದಂಡಿಗುಂಟ ಕಾಂಕ್ರೀಟ್ ಗ್ವಾಡಿ ಕಟ್ಯಾರ. ಮ್ಯಾಲ ಕುಂಡ ಇಟ್ಟು ಎಂಥಾದ್ದೋ ಫಾರಿನ್ ಗಿಡ ಹಚ್ಯಾರ. ಚಂದ ಕಾಣ್ತತಿ ಅಂತ."

ಯಾರು ಕಡಿಸಿದ್ರು ಅಂತ ಜೋರಾಗಿ ಕೇಳಬೇಕು ಅನ್ನಿಸಿತು. ಎದುರಿಗೇ ನನ್ನ ಕುಂಡ ಇತ್ತು. ಕೇಳಲಿಲ್ಲ.

ಅವ್ವನ ಮಾತನ್ನು ಆಜಿಗೆ ಹೇಳಿದೆ. ನಿಮ್ಮ ಕೃಷ್ಣೆ, ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೂಡ್ತಾವೆ ಅಂತಲೂ ಹೇಳಿದೆ. ಅವರು ಅದಕ್ಕೇನೂ ಅನ್ನಲಿಲ್ಲ. "ನೀರಂಜಿ" ಅಂತ ಎರಡು ಸಲ ಅಂದು ನೋಡಿದರು. ಬಾಟಲಿಯಿಂದ ಒಂದು ಕಡ್ಡಿ ಎತ್ತಿಕೊಂಡು ಎದ್ದು ಹೋದರು. ಕೇಳಲೂ ಇಲ್ಲ.

ಆಮೇಲೆ ಗೊತ್ತಾಯ್ತು, ಅದನ್ನು ಹಳೇ ಪೇಂಟ್ ಡಬ್ಬದಲ್ಲಿ ನೆಟ್ಟು ಸೊಸೈಟಿಯ ನೀರಿನ ಟ್ಯಾಂಕಿನ ಕೆಳಗೆ, ಪೈಪು ಸೋರುವ ಕಡೆ ಇಟ್ಟಿದ್ದಾರೆ. ವಿಲ್ಲೋ ಬೇರು ನೀರು ಹುಡುಕಿಕೊಂಡು ಹೋಗುತ್ತೆ, ಪೈಪಿನ ಹತ್ತಿರ ನೆಡಬಾರದು ಅಂತ ಹೇಳೋಣ ಅಂದುಕೊಂಡೆ. ಡಬ್ಬದಲ್ಲೇ ಇದೆಯಲ್ಲ ಅಂತ ಸುಮ್ಮನಾದೆ. ನಿನ್ನೆ ಎಣಿಸಿದೆ. ಅವರದ್ದಕ್ಕೆ ಒಂಬತ್ತು ಎಲೆ, ನನ್ನ ಬಾಟಲಿಯದ್ದಕ್ಕೆ ಮೂರು.