ನಾಲ್ಕು ಐಸ್‌ಪ್ಯಾಕ್‌ಗಳ ದಾರಿ

ಕೊನೆಯ ಊರಿಗೆ ಲಸಿಕೆ ಹೊರಡುವ ಮುಂಚೆ ಕಾಯಬೇಕು. ಫ್ರೀಜರಿನಿಂದ ತೆಗೆದ 4 ಐಸ್‌ಪ್ಯಾಕ್‌ಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಇಟ್ಟು, ಆಗಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆಯೇ ಅವು ಲಸಿಕೆ ಒಯ್ಯುವ ಪೆಟ್ಟಿಗೆಗೆ, ಅಂದರೆ ಕ್ಯಾರಿಯರ್‌ಗೆ. ದೂರ ಹೋಗುವವರಿಗೇ ಬೇಗ ಹೊರಡುವ ಅವಸರ. ಇಲ್ಲಿ ಎಡವುವುದೂ ಹೆಚ್ಚಾಗಿ ಅದೇ ಅವಸರದಿಂದ. ಕಲ್ಲಿನಂಥ ಪ್ಯಾಕ್‌ಗೆ ತಾಗಿದರೆ ಐದು ರೋಗ ತಡೆಯುವ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಲಸಿಕೆ ಹೆಪ್ಪುಗಟ್ಟಿಬಿಡಬಹುದು. ಅವುಗಳಲ್ಲಿನ ಅಲ್ಯೂಮಿನಿಯಂ ಲವಣ ಗಂಟುಕಟ್ಟಿದರೆ, ಮತ್ತೆ ಕರಗಿಸಿದರೂ ಕಳೆದ ಶಕ್ತಿ ಬಾರದು. ಸೀಸೆಯ ಮೇಲಿನ ವಿವಿಎಂ, ಅಂದರೆ ಸೆಕೆಗೆ ಬಣ್ಣ ಬದಲಿಸುವ ಗುರುತನ್ನು ಇದಕ್ಕೆ ನಂಬುವಂತಿಲ್ಲ: ಒಳಚೌಕ ಹೊರವೃತ್ತಕ್ಕಿಂತ ತಿಳಿಯಾಗಿದ್ದರೆ ಸೆಕೆಯಿಂದ ಕೆಟ್ಟಿಲ್ಲ ಎಂದಷ್ಟೇ ಅರ್ಥ. ಚಳಿಯ ಪೆಟ್ಟು ಅದಕ್ಕೆ ಕಾಣದು.

ದಾರಿಯುದ್ದಕ್ಕೂ ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ರಸ್ತೆ ಮುಗಿದು ಕಾಲುದಾರಿ ಹಿಡಿದಾಗಲೂ ಮುಚ್ಚಳ ತೆರೆಯುವಂತಿಲ್ಲ, ಇಳಿಸಿದಲ್ಲಿ ನೆರಳು ಬೇಕು.

ನಿಜವಾದ ಇಕ್ಕಟ್ಟು ತಲುಪಿದ ಮೇಲೆ. ದಡಾರ-ರುಬೆಲ್ಲಾ ಪುಡಿಯ ಸೀಸೆಯಲ್ಲಿ 10 ಡೋಸ್ ಇರುತ್ತದೆ, ಬಂದಿರುವುದು ಎರಡೇ ಮಕ್ಕಳು. ಅದರದೇ ದ್ರಾವಕವನ್ನು, ಅದೂ ತಣ್ಣಗಿರುವುದನ್ನು, ಬೆರೆಸಿದ ಮೇಲೆ 6 ಗಂಟೆ ಅಥವಾ ಶಿಬಿರ ಮುಗಿಯುವವರೆಗೆ, ಯಾವುದು ಮೊದಲೋ ಅಷ್ಟೇ ಆಯುಷ್ಯ. ಮೀರಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಮಗುವಿನ ಜೀವಕ್ಕೇ ಕುತ್ತು. 8 ಡೋಸ್ ಹಾಳಾದ ಲೆಕ್ಕ ಕೊಡಬೇಕೆಂಬ ಭಯಕ್ಕೆ 'ಮುಂದಿನ ಸಲ ಬನ್ನಿ' ಎನ್ನುವುದುಂಟು. ದೊಡ್ಡ ಊರಿನಲ್ಲಿ ಈ ಮಾತೇ ಹುಟ್ಟುವುದಿಲ್ಲ, ಸೀಸೆ ಗಂಟೆಯೊಳಗೆ ಖಾಲಿ. ಆರೈಕೆ ಹೆಚ್ಚು ಬೇಕಾದಲ್ಲೇ ಅದು ಕಡಿಮೆ ಸಿಗುತ್ತದೆ ಎಂದು ವೇಲ್ಸ್‌ನ ಗಣಿಗಾರರ ಊರಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು. ಹೊಣೆ ಕೆಲವೊಮ್ಮೆ ಸೀಸೆಯ ಗಾತ್ರದ್ದೂ ಹೌದು. ಒಂದು ಮಗುವಿಗಾದರೂ ಸೀಸೆ ತೆರೆಯಬೇಕು. ಪೋಲಾದ ಡೋಸ್‌ಗೆ ಲೆಕ್ಕವಿದೆ, ಹಿಂದಿರುಗಿ ಬಾರದ ತಾಯಿಗೆ ಲೆಕ್ಕವಿಲ್ಲ.

ಊರು ಬಿಟ್ಟು ಹೊರಡುವ ಮುನ್ನ ರಿಜಿಸ್ಟರ್ ಹಿಡಿದು ಮನೆಮನೆ ಸುತ್ತುವುದು ಬಾಕಿ. ಪೆಂಟಾವೇಲೆಂಟ್‌ನ ಮೂರನೇ ಡೋಸ್ ತಪ್ಪಿದವರ ಹೆಸರು ಅದರಲ್ಲೇ ಸಿಗುತ್ತದೆ. ಮೊದಲ ಡೋಸನ್ನೇ ಕಾಣದ ಮಗುವಿನ ಹೆಸರು ಅಲ್ಲಿರುವುದೇ ಅಪರೂಪ, ಬಾಗಿಲು ಬಡಿದೇ ತಿಳಿಯಬೇಕು. ಊರಾಚೆಯ ಗುಡಿಸಲು, ಕೂಲಿಗೆ ವಲಸೆ ಬಂದವರ ಡೇರೆ ಬಿಟ್ಟುಹೋಗುವುದು ಇಲ್ಲಿಯೇ.

ಮರಳಿದ ಮೇಲೆ ತೆರೆಯದ ಸೀಸೆಗಳು ವಿವಿಎಂ ನೋಡಿ ಫ್ರಿಜ್‌ಗೆ, ಕರಗಿದ ಪ್ಯಾಕ್‌ಗಳು ಫ್ರೀಜರಿಗೆ. ಅವು ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕು. ಇರುವುದು ಒಂದೇ ಜೊತೆಯಾದರೆ ನಾಳೆ ಬೆಳಿಗ್ಗೆ ಇನ್ನೊಂದು ಊರಿಗೆ ಹೊರಡುವಂತಿಲ್ಲ.