ಒಂಬತ್ತು ನಿಂಬೆಹಣ್ಣಿನ ಚಿತ್ರಾನ್ನ
ನಮ್ಮ ಹಿತ್ತಲಿನ ನಿಂಬೆ ಗಿಡಕ್ಕೆ ಈಗ ಏಳು ವರ್ಷ. ಕಾಯಿಗೇನೂ ಬರವಿರಲಿಲ್ಲ. ಆದರೆ ಸಿಪ್ಪೆ ಚಪ್ಪಲಿಯಷ್ಟು ದಪ್ಪ, ಹಿಂಡಿದರೆ ನಾಲ್ಕು ಹನಿ. ಹೋದ ವರ್ಷ ಚಿತ್ರಾನ್ನಕ್ಕೆಂದು ಒಂಬತ್ತು ಹಣ್ಣು ಕೊಯ್ದು ಹಿಂಡಿದ ಅಮ್ಮ, ಕೊನೆಗೆ ನನ್ನನ್ನು ಅಂಗಡಿಗೆ ಅಟ್ಟಿದಳು. "ಮನೇಲಿ ಗಿಡ ಇಟ್ಕೊಂಡು ನಿಂಬೆಹಣ್ಣು ದುಡ್ಡು ಕೊಟ್ಟು ತರೋದಾ?"

ತಪ್ಪು ನನ್ನದೇ. ತುಮಕೂರಿನ ನಮ್ಮ ಬೋರಿನ ನೀರು ಮೊದಲೇ ಗಡಸು, ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಸಾಲದ್ದಕ್ಕೆ ನೀರು ಉಳಿಸುವ ಹುಮ್ಮಸ್ಸಿನಲ್ಲಿ ವಾಷಿಂಗ್ ಮೆಷಿನ್ನಿನ ಪೈಪನ್ನೂ ಗಿಡದ ಬುಡಕ್ಕೆ ತಿರುಗಿಸಿದ್ದೆ. ಸೋಪಿನ ನೀರು ಕ್ಷಾರ. ಮಣ್ಣು ಕ್ಷಾರವಾದರೆ ಅದರಲ್ಲಿ ಸತು, ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆಗಳು ಇದನ್ನೇ ಹೇಳುತ್ತಿದ್ದವು: ಗಾತ್ರ ಸಣ್ಣ, ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ನಾನು ಹಸಿವು ಅಂದುಕೊಂಡು ಯೂರಿಯಾ ಸುರಿದೆ. ಸಾರಜನಕ ಹೆಚ್ಚಾದರೆ ಸಿಪ್ಪೆ ಇನ್ನಷ್ಟು ದಪ್ಪವಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಪೈಪು ಬಾಳೆಗೆ ಹೋಯಿತು. ಬಾಳೆ ಇನ್ನೂ ಏನೂ ಅಂದಿಲ್ಲ. ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದ್ದ ಮಣ್ಣನ್ನು ಕೆದಕಿ ತೆಗೆದೆ, ಅಲ್ಲಿ ತೊಗಟೆ ಒಸರಿ ಅಂಟು ಬರುತ್ತಿತ್ತು. ಕೊಂಬೆಯ ನೆರಳು ಮುಗಿಯುವ ಕಡೆ ಬೆರಳಿನಿಂದ ಕೆದಕಿದರೆ, ಒಂದು ಗೇಣು ಇಳಿಯುವ ಮೊದಲೇ ಕೂದಲಂಥ ಬೇರು ಸಿಕ್ಕಿತು. ಅಂದಿನಿಂದ ಗುದ್ದಲಿ ಮುಟ್ಟಿಸಿಲ್ಲ. ಗೊಬ್ಬರ, ನೀರು ಎರಡೂ ಆ ಸುತ್ತಿಗೇ, ಮೇಲೆ ತೆಂಗಿನ ಸಿಪ್ಪೆಯ ಹೊದಿಕೆ.

ಮಣ್ಣಿನ ದಾರಿ ಕಟ್ಟಿಹೋಗಿತ್ತಲ್ಲ, ಸತುವನ್ನು ಎಲೆಗೇ ಕೊಟ್ಟೆ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರರ್ಧ ಸುಣ್ಣ. ಸುಣ್ಣ ಹಾಕದಿದ್ದರೆ ಎಳೆ ಎಲೆ ಸುಡುತ್ತದೆ. ಸೋಸಿ, ಸಂಜೆ ಹೊತ್ತು ಸಿಂಪಡಿಸಿದೆ. ಹೂ ಬಿಡಲಿ ಅಂತ ಡಿಸೆಂಬರಿನಲ್ಲಿ ಬೇಕೆಂದೇ ಮೂರು ವಾರ ಗಿಡಕ್ಕೆ ನೀರು ಬಂದ್ ಮಾಡಿದೆ. ಎಲೆ ಬಾಡಿದ್ದು ನೋಡಿ ಅಮ್ಮ ಎರಡು ಸಲ ಕದ್ದು ಚೊಂಬು ಹಿಡಿದು ಹೋಗಿದ್ದಳು. ಮತ್ತೆ ನೀರು ಬಿಟ್ಟ ಮೇಲೆ ಕೊಂಬೆ ತುಂಬಾ ಮೊಗ್ಗು. ಅಲ್ಲಿಂದಾಚೆ ನೀರು ತಪ್ಪಿಸಲಿಲ್ಲ. ಒಣಗಿಸಿ ಒಮ್ಮೆಲೇ ಸುರಿದರೆ ಕಾಯಿ ಸೀಳುತ್ತದೆ.

ನಡುವೆ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತ ಹುಳ ಕಂಡೆ. ಕಡ್ಡಿ ತಾಗಿಸಿದ್ದೇ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಕೊಂಬು ಚಾಚಿ ಘಾಟು ಬಿಟ್ಟಿತು. ಚಿಟ್ಟೆಯ ಮರಿ, ಕೊಲ್ಲಲು ಮನಸ್ಸಾಗಲಿಲ್ಲ. ಅವಕ್ಕೆ ಕರಿಬೇವೂ ಆಗುತ್ತದೆ, ನಾಲ್ಕನ್ನೂ ಅಲ್ಲಿಗೆ ವರ್ಗ ಮಾಡಿದೆ.

ಈ ಜೂನಿನಲ್ಲಿ ಅಮ್ಮ ಹಳೇ ಲೆಕ್ಕದಲ್ಲಿ ಒಂಬತ್ತು ಹಣ್ಣು ಕೊಯ್ದಳು. ಮೂರಕ್ಕೇ ಅನ್ನ ಹುಳಿಯಾಯಿತು. ಉಳಿದ ಆರು ಉಪ್ಪಿನಕಾಯಿ ಜಾಡಿ ಸೇರಿದವು. ಒಗ್ಗರಣೆಗೆಂದು ಹಿತ್ತಲಿಗೆ ಹೋದವಳು ಬರಿಗೈಲಿ ಬಂದು, ಕರಿಬೇವು ಯಾಕೆ ಬೋಳಾಗಿದೆ ಅಂತ ಕೇಳುತ್ತಿದ್ದಳು.